ಕೀಮೋಗೆ ಮುನ್ನ ಯಾವುದನ್ನು ಕಾಪಿಡಬೇಕು: ವೀರ್ಯವನ್ನೋ, ಭ್ರೂಣವನ್ನೋ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಊರು. ಮದುವೆಯಾಗಿ ಒಂದೂವರೆ ವರ್ಷವಾಯಿತು, ಇನ್ನೂ ಮಕ್ಕಳಾಗಿಲ್ಲ. ನನಗೆ 28, ಯಜಮಾನರಿಗೆ 32 ವರ್ಷ. ಕಳೆದ ತಿಂಗಳು ಅವರ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡು ಮಂಗಳೂರಿನಲ್ಲಿ ತೋರಿಸಿದಾಗ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಎಂದು ಗೊತ್ತಾಯಿತು. ಇನ್ನು ಹತ್ತು ಹನ್ನೆರಡು ದಿನಗಳಲ್ಲಿ ಕೀಮೋ ಆರಂಭವಾಗಲಿದೆ. ಅದಕ್ಕೆ ಮೊದಲೇ ವೀರ್ಯ ಫ್ರೀಜ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದಾರೆ. ಪರಿಚಯದವರೊಬ್ಬರು ವೀರ್ಯಕ್ಕಿಂತ ಭ್ರೂಣವನ್ನೇ ಮಾಡಿಡುವುದು ಭದ್ರ ಎನ್ನುತ್ತಾರೆ. ಅತ್ತೆಯವರು, ಮೊದಲು ಅವನ ಜೀವ ಉಳಿಯಲಿ, ಮಗುವಿನ ಮಾತು ಆಮೇಲೆ ಎನ್ನುತ್ತಿದ್ದಾರೆ. ಯಜಮಾನರು ಹುಟ್ಟಿ ಬೆಳೆದದ್ದು ಇಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ. ಅದರಿಂದ ವೀರ್ಯಕ್ಕೆ ಮೊದಲೇ ತೊಂದರೆ ಆಗಿರಬಹುದೇ? ಫ್ರೀಜ್ ಮಾಡಿದ್ದರಿಂದ ಹುಟ್ಟುವ ಮಗು ಆರೋಗ್ಯವಾಗಿರುತ್ತದೆಯೇ? ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅತ್ತಿಗೆಗೆ (ಯಜಮಾನರ ಅಕ್ಕ) 34 ವರ್ಷ, ಮದುವೆಯಾಗಿಲ್ಲ. ಅವರೂ ಅಂಡಾಣು ಫ್ರೀಜ್ ಮಾಡಿಸಬಹುದೇ ಎಂದು ಕೇಳುತ್ತಿದ್ದಾರೆ.

ಉತ್ತರ: ನಿಮಗೆ ಉಳಿದಿರುವುದು ಕೆಲವೇ ದಿನಗಳಾದ್ದರಿಂದ, ಮಾಡಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೀಮೋದ ಮೊದಲ ಡ್ರಿಪ್ ಏರಿಸುವುದಕ್ಕೆ ಮುಂಚೆ ನಿಮ್ಮ ಯಜಮಾನರು ಎರಡು ಅಥವಾ ಮೂರು ಸಲ ವೀರ್ಯದ ಮಾದರಿ ಕೊಟ್ಟು ಅದನ್ನು ಫ್ರೀಜ್ ಮಾಡಿಸಲಿ. ಭ್ರೂಣದ ಯೋಚನೆ ಈಗ ಬೇಡ. ಈ ಎರಡು ಮಾತಿಗೆ ಕಾರಣಗಳನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ಅದನ್ನು ಓದುವ ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡರೂ ಒಳ್ಳೆಯದೇ.

ನಿಮ್ಮ ಅತ್ತೆಯವರ ಮಾತಿನಲ್ಲಿ ತಪ್ಪಿಲ್ಲ. ಮಗುವಿನ ಆಸೆಗಾಗಿ ಕ್ಯಾನ್ಸರ್ ಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬಾರದು ಎಂಬುದು ನನ್ನ ನಿಲುವೂ ಹೌದು. ಆದರೆ ವೀರ್ಯವನ್ನು ಕಾಪಿಡುವುದರಿಂದ ಚಿಕಿತ್ಸೆ ಮುಂದೆ ಹೋಗುವುದಿಲ್ಲ. ಸ್ಕ್ಯಾನ್, ಹೃದಯದ ಪರೀಕ್ಷೆ, ರಕ್ತಪರೀಕ್ಷೆ ಎಂದು ಕೀಮೋಗೆ ಮೊದಲು ಹೇಗೂ ಕೆಲವು ದಿನ ಮಂಗಳೂರಿಗೆ ಓಡಾಟ ಇದ್ದೇ ಇರುತ್ತದೆ. ಆ ಓಡಾಟದ ನಡುವೆಯೇ ಈ ಕೆಲಸವೂ ಮುಗಿಯುತ್ತದೆ. ಇದಕ್ಕೆ ಇಂಜೆಕ್ಷನ್ ಬೇಡ, ಅರಿವಳಿಕೆ ಬೇಡ, ದೇಹಕ್ಕೆ ಆಯಾಸವೂ ಇಲ್ಲ. ಹಾಡ್ಜ್‌ಕಿನ್ ಲಿಂಫೋಮಾ ಗುಣವಾಗುವ ಸಾಧ್ಯತೆ ಬಹಳ ಹೆಚ್ಚಿರುವ ಕ್ಯಾನ್ಸರ್‌ಗಳಲ್ಲಿ ಒಂದು ಎಂಬುದನ್ನು ಅತ್ತೆಯವರಿಗೆ ಬಿಡಿಸಿ ಹೇಳಿ. ಮಗ ಗುಣಮುಖನಾಗುತ್ತಾನೆ ಎಂಬ ನಂಬಿಕೆಯಿಂದಲೇ ಡಾಕ್ಟರು ಈ ಸಲಹೆ ಕೊಟ್ಟಿರುವುದು.

ಕೀಮೋದ ಔಷಧಗಳು ವೇಗವಾಗಿ ವಿಭಜನೆಯಾಗುವ ಜೀವಕೋಶಗಳ ಮೇಲೆ ದಾಳಿ ಮಾಡುತ್ತವೆ. ಕ್ಯಾನ್ಸರ್ ಕೋಶಗಳ ಹಾಗೆಯೇ ವೃಷಣದಲ್ಲಿ ವೀರ್ಯಾಣುಗಳನ್ನು ಉತ್ಪಾದಿಸುವ ಕೋಶಗಳೂ ಬಿಡುವಿಲ್ಲದೆ ವಿಭಜನೆಯಾಗುತ್ತಲೇ ಇರುವುದರಿಂದ ಅವುಗಳಿಗೂ ಪೆಟ್ಟು ಬೀಳುತ್ತದೆ. ಆ ಪೆಟ್ಟು ತಾತ್ಕಾಲಿಕವೋ ಶಾಶ್ವತವೋ ಎಂಬುದು ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಅವಲಂಬಿಸಿದೆ. ಹಾಡ್ಜ್‌ಕಿನ್‌ಗೆ ಸಾಮಾನ್ಯವಾಗಿ ಕೊಡುವ ಎಬಿವಿಡಿ ಎಂಬ ನಾಲ್ಕು ಔಷಧಗಳ ಕ್ರಮದಲ್ಲಿ ಹೆಚ್ಚಿನ ಗಂಡಸರಿಗೆ ಒಂದೆರಡು ವರ್ಷಗಳೊಳಗೆ ವೀರ್ಯೋತ್ಪಾದನೆ ಮರಳಿ ಬರುತ್ತದೆ. ಹಾಗಿದ್ದರೆ ಫ್ರೀಜ್ ಮಾಡುವ ಅಗತ್ಯವೇನು ಎಂದು ನೀವು ಕೇಳಬಹುದು. ರೋಗ ಮೊದಲ ಚಿಕಿತ್ಸೆಗೆ ಬಗ್ಗದೆ ಹೋದರೆ ಅಥವಾ ಮರುಕಳಿಸಿದರೆ ಕೊಡಬೇಕಾಗಿ ಬರುವ ಔಷಧಗಳು, ಅದರಲ್ಲೂ ಪ್ರೊಕಾರ್ಬಜೀನ್ ಮತ್ತು ಹೆಚ್ಚಿನ ಪ್ರಮಾಣದ ಸೈಕ್ಲೋಫಾಸ್ಫಮೈಡ್‌ನಂಥವು, ಅಸ್ಥಿಮಜ್ಜೆ ಕಸಿಗೆ ಮುನ್ನ ಕೊಡುವ ತೀವ್ರ ಕೀಮೋ, ಇವೆಲ್ಲ ವೀರ್ಯೋತ್ಪಾದನೆಯನ್ನು ಶಾಶ್ವತವಾಗಿ ನಿಲ್ಲಿಸಬಲ್ಲವು. ಅಂಥ ಹಂತ ನಿಮ್ಮ ಯಜಮಾನರಿಗೆ ಬರಲಿಕ್ಕಿಲ್ಲ. ಆದರೆ ಬಂದರೆ, ಆಗ ಫ್ರೀಜ್ ಮಾಡಲು ಹೊರಟರೆ ಸಮಯ ಮೀರಿರುತ್ತದೆ. ಮೊದಲ ಕೀಮೋ ಕೊಟ್ಟ ಮೇಲೆ ದೊರೆಯುವ ವೀರ್ಯಾಣುಗಳಲ್ಲಿ ಆನುವಂಶಿಕ ಹಾನಿ ಆಗಿರುವ ಸಾಧ್ಯತೆ ಇರುವುದರಿಂದ, ಅವನ್ನು ಸಂಗ್ರಹಿಸುವಂತೆ ನಾವು ಸಲಹೆ ಕೊಡುವುದಿಲ್ಲ.

ವೀರ್ಯವನ್ನು ಹೀಗೆ ಕಾಪಿಡುವ ವಿದ್ಯೆ ಹೊಸದೇನಲ್ಲ, ಅಪರೂಪದ್ದೂ ಅಲ್ಲ. ನಿಮ್ಮ ಮನೆಯಲ್ಲಿ ದನ ಸಾಕಿದ್ದರೆ, ಕೃತಕ ಗರ್ಭಧಾರಣೆಗೆ ಬರುವ ಪಶು ಆಸ್ಪತ್ರೆಯವರು ಕ್ಯಾನಿನ ಮುಚ್ಚಳ ತೆಗೆದಾಗ ಬಿಳಿ ಹೊಗೆ ಏಳುವುದನ್ನು, ಒಳಗಿನಿಂದ ಇಕ್ಕುಳದಲ್ಲಿ ಸಣ್ಣ ಕಡ್ಡಿಯೊಂದನ್ನು ಎತ್ತಿ ಬೆಚ್ಚಗಿನ ನೀರಿಗೆ ಹಾಕುವುದನ್ನು ನೋಡಿರುತ್ತೀರಿ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಡೆಯುವುದೂ ಮೂಲತಃ ಅದೇ. ಆ ಕ್ಯಾನಿನಲ್ಲಿರುವುದು ದ್ರವರೂಪದ ನೈಟ್ರೋಜನ್. ಅದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಷ್ಟು ಚಳಿಯಲ್ಲಿ ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳೆಲ್ಲ ನಿಂತುಬಿಡುವುದರಿಂದ ಕೋಶಕ್ಕೆ ವಯಸ್ಸಾಗುವುದಿಲ್ಲ. ತೊಂದರೆ ಇರುವುದು ಆ ಚಳಿಗೆ ಇಳಿಸುವಾಗ ಮತ್ತು ಅಲ್ಲಿಂದ ಮೇಲೆತ್ತುವಾಗ. ಕೋಶದೊಳಗಿನ ನೀರು ಮಂಜುಗಡ್ಡೆಯ ಹರಳುಗಳಾದರೆ ಅವು ಕೋಶವನ್ನು ಒಳಗಿನಿಂದಲೇ ಹರಿದುಹಾಕುತ್ತವೆ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ವಿಜ್ಞಾನಿಗಳು ಹುಂಜದ ವೀರ್ಯಕ್ಕೆ ಗ್ಲಿಸರಾಲ್ ಬೆರೆಸಿದರೆ ಈ ಹಾನಿ ತಪ್ಪುತ್ತದೆ ಎಂದು ಕಂಡುಕೊಂಡರು. 1953ರಲ್ಲಿ ಅಮೆರಿಕದ ಬಂಗೆ ಮತ್ತು ಶೆರ್ಮನ್ ಘನೀಕರಿಸಿದ ಮನುಷ್ಯವೀರ್ಯದಿಂದ ಗರ್ಭಧಾರಣೆಯಾದುದನ್ನು ವರದಿ ಮಾಡಿದರು. ಅಂದರೆ ಈ ವಿಧಾನಕ್ಕೆ ಎಪ್ಪತ್ತು ವರ್ಷಗಳಿಗೂ ಹೆಚ್ಚಿನ ಅನುಭವ ಇದೆ. 20 ವರ್ಷಗಳಿಗಿಂತ ಹೆಚ್ಚು ಕಾಲ ಇಟ್ಟ ವೀರ್ಯದಿಂದ ಆರೋಗ್ಯವಂತ ಮಕ್ಕಳು ಹುಟ್ಟಿದ ದಾಖಲೆಗಳಿವೆ.

ಇನ್ನು ಆ ದಿನ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಗೊತ್ತಿಲ್ಲದ್ದರ ಸಂಕೋಚವೇ ಅನೇಕರನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುತ್ತದೆ. ಮೊದಲು ರಕ್ತ ತೆಗೆದು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ. ಇದು ಯಾರ ಮೇಲಿನ ಅನುಮಾನದಿಂದಲೂ ಅಲ್ಲ. ಒಂದೇ ಟ್ಯಾಂಕಿನಲ್ಲಿ ಹಲವರ ಮಾದರಿಗಳಿರುವುದರಿಂದ ಎಲ್ಲರಿಗೂ ಮಾಡಲೇಬೇಕಾದ ಪರೀಕ್ಷೆ. ಬಳಿಕ ಹೆಸರು, ಗುರುತಿನ ಸಂಖ್ಯೆ ಬರೆದ ಶುದ್ಧವಾದ ಡಬ್ಬಿ ಕೊಟ್ಟು ಒಂದು ಕೋಣೆಗೆ ಕಳುಹಿಸುತ್ತಾರೆ. ನೀವೂ ಜೊತೆಗೆ ಹೋಗಬಹುದು. ಹೆಚ್ಚಿನ ಕೇಂದ್ರಗಳಲ್ಲಿ ಅದಕ್ಕೆ ಅಡ್ಡಿ ಇಲ್ಲ. ಸಾಬೂನು, ಎಣ್ಣೆ, ಎಂಜಲು ಯಾವುದೂ ತಾಗಬಾರದು, ಏಕೆಂದರೆ ಅವು ವೀರ್ಯಾಣುಗಳಿಗೆ ಹಾನಿ ಮಾಡುತ್ತವೆ. ಮನೆಯಲ್ಲೇ ಸಂಗ್ರಹಿಸಿ ತರುವುದಾದರೆ ಮಾದರಿಯು ಮೈಯ ಬಿಸಿಯಲ್ಲೇ ಇದ್ದು ಒಂದು ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು. ಪೆರ್ಲದಿಂದ ಮಂಗಳೂರಿಗೆ ಅಷ್ಟರೊಳಗೆ ತಲುಪುವ ಭರವಸೆ ಇಲ್ಲದ್ದರಿಂದ ಕೇಂದ್ರದಲ್ಲೇ ಕೊಡುವುದು ಸರಿ. ಹಿಂದಿನ ಎರಡು ಮೂರು ದಿನ ಸಂಗಮದಿಂದ ದೂರವಿದ್ದರೆ ಒಳ್ಳೆಯದು. ಆದರೆ ನಿಮ್ಮ ಸ್ಥಿತಿಯಲ್ಲಿ ಒಂದು ದಿನದ ಅಂತರವೂ ಸಾಕು, ಅದಕ್ಕಾಗಿ ದಿನ ಕಳೆಯಬೇಡಿ.

ಅರ್ಧ ಗಂಟೆಯಲ್ಲಿ ವೀರ್ಯ ನೀರಾಗುತ್ತದೆ. ಆಮೇಲೆ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಎಷ್ಟು ವೀರ್ಯಾಣುಗಳಿವೆ, ಎಷ್ಟು ಮುಂದಕ್ಕೆ ಈಜುತ್ತಿವೆ ಎಂದು ಎಣಿಸುತ್ತಾರೆ. ಗ್ಲಿಸರಾಲ್ ಸೇರಿದ ರಕ್ಷಕ ದ್ರಾವಣವನ್ನು ಒಮ್ಮೆಲೇ ಸುರಿಯದೆ, ಹನಿ ಹನಿಯಾಗಿ ಬೆರೆಸಿ, ಸಣ್ಣ ಸಣ್ಣ ವೈಲ್‌ಗಳಿಗೆ ಅಥವಾ ಕಡ್ಡಿಯಂಥ ಸ್ಟ್ರಾಗಳಿಗೆ ತುಂಬುತ್ತಾರೆ. ಮೊದಲು ನೈಟ್ರೋಜನ್‌ನ ಆವಿಯಲ್ಲಿ ಸ್ವಲ್ಪ ಹೊತ್ತು ಹಿಡಿದು, ಬಳಿಕ ದ್ರವದೊಳಗೆ ಇಳಿಸುತ್ತಾರೆ. ಕೇಂದ್ರವು ಒಂದು ಸಣ್ಣ ಪಾಲನ್ನು ಕರಗಿಸಿ ಎಷ್ಟು ವೀರ್ಯಾಣುಗಳು ಮತ್ತೆ ಚಲಿಸುತ್ತವೆ ಎಂದು ನೋಡುತ್ತದೆ. ಸುಮಾರು ಅರ್ಧದಷ್ಟು ಚಲನೆ ಕಳೆದುಕೊಳ್ಳುವುದು ಸಾಮಾನ್ಯ, ಅದನ್ನು ಕೇಳಿ ಗಾಬರಿಯಾಗಬೇಡಿ. ಕರಗಿಸಿ ನೋಡಿದ ಫಲಿತಾಂಶವನ್ನು ಮಾತ್ರ ಕೇಳಿ, ಬರೆಸಿಕೊಳ್ಳಿ. ಮುಂದೆ ಯಾವ ಚಿಕಿತ್ಸೆ ಎಂದು ನಿರ್ಧರಿಸುವವರಿಗೆ ಬೇಕಾಗುವುದು ಆ ಸಂಖ್ಯೆ.

ಹಾಡ್ಜ್‌ಕಿನ್ ಇರುವ ಗಂಡಸರಲ್ಲಿ ಚಿಕಿತ್ಸೆಗೆ ಮೊದಲೇ ವೀರ್ಯಾಣುಗಳ ಸಂಖ್ಯೆ ಕಡಿಮೆ ಇರುವುದುಂಟು. ಜ್ವರ, ತೂಕ ಇಳಿಯುವುದು, ನಿದ್ದೆಗೆಡುವುದು, ರೋಗವೇ ತರುವ ಉರಿಯೂತ, ಎಲ್ಲವೂ ಇದಕ್ಕೆ ಕಾರಣ. ಮೊದಲ ದಿನದ ವರದಿಯಲ್ಲಿ ಸಂಖ್ಯೆ ಕಡಿಮೆ ಎಂದು ಬಂದರೆ, ಇಷ್ಟು ಕೆಟ್ಟ ಮಾದರಿಯನ್ನು ಏಕೆ ಇಡಬೇಕು ಎಂದು ನಿಮ್ಮ ಯಜಮಾನರಿಗೆ ಅನ್ನಿಸಬಹುದು. ಇಡಲೇಬೇಕು. 1992ರಲ್ಲಿ ಬ್ರಸೆಲ್ಸ್‌ನ ತಂಡವೊಂದು ವರದಿ ಮಾಡಿದ ಇಕ್ಸಿ ವಿಧಾನದಲ್ಲಿ, ಒಂದು ಅಂಡಾಣುವಿಗೆ ಒಂದೇ ಒಂದು ಜೀವಂತ ವೀರ್ಯಾಣುವನ್ನು ಸೂಜಿಯಿಂದ ಸೇರಿಸಲಾಗುತ್ತದೆ. ಹಿಂದೆ ಕೋಟಿಗಟ್ಟಲೆ ಬೇಕಿದ್ದಲ್ಲಿ ಈಗ ಬೆರಳೆಣಿಕೆಯಷ್ಟು ಸಾಕು. ವೀರ್ಯದಲ್ಲಿ ವೀರ್ಯಾಣುಗಳೇ ಕಾಣದಿದ್ದರೂ, ಸಣ್ಣ ಶಸ್ತ್ರಚಿಕಿತ್ಸೆಯಿಂದ ವೃಷಣದ ಅಂಗಾಂಶ ತೆಗೆದು ಅದರಲ್ಲಿ ಹುಡುಕುವ ದಾರಿ ಇದೆ. ಒಂದೇ ಮಾದರಿ ಕೊಡಲು ಸಾಧ್ಯವಾದರೆ ಒಂದನ್ನೇ ಕೊಡಿ; ಅದಕ್ಕೂ ಬೆಲೆ ಇದೆ.

ಎಂಡೋಸಲ್ಫಾನ್‌ನ ಪ್ರಶ್ನೆಯನ್ನು ನೀವು ಕೇಳಿದ್ದು ಸಹಜ. ಎಣ್ಮಕಜೆಯ ಪಡ್ರೆ ಮತ್ತು ಸುತ್ತಲಿನ ಊರುಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ವಿಷ ಸಿಂಪಡಿಸಿದ್ದು 2000ದವರೆಗೂ ನಡೆಯಿತು; ದೇಶದಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ. ಆ ಪ್ರದೇಶದ ಗಂಡುಮಕ್ಕಳಲ್ಲಿ ಪ್ರೌಢಾವಸ್ಥೆಯ ಬೆಳವಣಿಗೆ ತಡವಾದುದನ್ನು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುರುತಿಸಿತ್ತು. ಆ ಊರುಗಳ ಜನ ಅನುಭವಿಸಿದ್ದನ್ನು ಹಗುರಮಾಡುವ ಮಾತು ನನ್ನಿಂದ ಬರಲಾರದು. ಆದರೆ ನಿಮ್ಮ ಯಜಮಾನರ ಇಂದಿನ ವೀರ್ಯದ ಸ್ಥಿತಿಯನ್ನು ಊಹೆಯಿಂದ ಹೇಳಬೇಕಾಗಿಲ್ಲ, ಪರೀಕ್ಷೆಯೇ ಹೇಳುತ್ತದೆ. ಒಂದು ವೀರ್ಯಾಣು ರೂಪುಗೊಂಡು ಬಲಿಯಲು ಸುಮಾರು ಎರಡೂವರೆ ತಿಂಗಳು ಬೇಕು. ಇಂದಿನ ಮಾದರಿಯಲ್ಲಿರುವವು ಈ ವರ್ಷವೇ ಹುಟ್ಟಿದವು. ಬಾಲ್ಯದಲ್ಲಿ ವೃಷಣದ ಬೆಳವಣಿಗೆಗೇ ಅಡ್ಡಿಯಾಗಿದ್ದರೆ ಅದು ಸಂಖ್ಯೆಯಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಅದಕ್ಕೂ ಪರಿಹಾರ ಮೇಲೆ ಹೇಳಿದ ಇಕ್ಸಿಯೇ. ಬಾಲ್ಯದಲ್ಲಿ ಏನಾಗಿತ್ತು ಎಂಬ ಚಿಂತೆ ಈ ವಾರದ ತೀರ್ಮಾನವನ್ನು ಬದಲಿಸುವುದಿಲ್ಲ.

ಈಗ ಭ್ರೂಣದ ವಿಷಯ. ಭ್ರೂಣ ಘನೀಕರಣ ಚೆನ್ನಾಗಿ ಪಳಗಿದ ತಂತ್ರ ಎಂಬುದು ನಿಜ. ಇದರ ಕಥೆಯಲ್ಲಿ ನಮ್ಮ ದೇಶದವರೊಬ್ಬರ ಹೆಸರಿದೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ ಹುಟ್ಟಿದ 1978ರಲ್ಲೇ, ಕೆಲವೇ ವಾರಗಳ ಅಂತರದಲ್ಲಿ, ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಭ್ರೂಣವನ್ನು 53 ದಿನ ಘನೀಕರಿಸಿಟ್ಟು ಮುಂದಿನ ಋತುಚಕ್ರವೊಂದರಲ್ಲಿ ಗರ್ಭಕೋಶಕ್ಕೆ ಸೇರಿಸಿದೆ ಎಂದು ಅವರು ಹೇಳಿದಾಗ ಸರ್ಕಾರಿ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ದೇಶದ ಮೊದಲ ಪ್ರನಾಳ ಶಿಶು ಎಂದು ಅಲ್ಲಿಯವರೆಗೆ ಎಣಿಸಲಾಗಿದ್ದ 1986ರ ಮುಂಬೈ ಶಿಶುವಿನ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್ ಅವರೇ 1997ರಲ್ಲಿ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, ದೇಶದ ಮೊದಲಿಗರೆಂಬ ಮನ್ನಣೆ ಅವರಿಗೇ ಸಲ್ಲಬೇಕೆಂದು ಬರೆದರು. ಮೊದಲಿದ್ದ ನಿಧಾನ ಘನೀಕರಣದ ಬದಲು ಈಗ ವಿಟ್ರಿಫಿಕೇಶನ್ ಬಂದಿದೆ. ಇದರಲ್ಲಿ ಭ್ರೂಣವನ್ನು ಗಾಢವಾದ ರಕ್ಷಕ ದ್ರಾವಣದಲ್ಲಿಟ್ಟು, ಹರಳು ಕಟ್ಟಲು ಅವಕಾಶವೇ ಆಗದಷ್ಟು ವೇಗದಲ್ಲಿ ತಣಿಸುತ್ತಾರೆ. ಹೀಗೆ ಇಟ್ಟ ಭ್ರೂಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕರಗಿಸಿದ ಮೇಲೆ ಬದುಕುಳಿಯುತ್ತವೆ.

ಆದರೂ ನಿಮಗೆ ಬೇಡ ಎಂದೆ. ಏಕೆಂದರೆ ಅಪಾಯ ಇರುವುದು ಯಜಮಾನರ ವೀರ್ಯಕ್ಕೆ. ನಿಮ್ಮ ಅಂಡಾಶಯಕ್ಕೆ ಈಗ ಯಾವ ಬೆದರಿಕೆಯೂ ಇಲ್ಲ, ನಿಮಗಿನ್ನೂ 28 ವರ್ಷ. ಭ್ರೂಣ ಮಾಡಬೇಕಾದರೆ ನೀವು ಹತ್ತು ಹನ್ನೆರಡು ದಿನ ದಿನವೂ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳಬೇಕು, ನಡುವೆ ಹಲವು ಸಲ ಸ್ಕ್ಯಾನಿಂಗ್‌ಗೆ ಹೋಗಬೇಕು. ಕೊನೆಯ ಇಂಜೆಕ್ಷನ್ ಕೊಟ್ಟು ಸುಮಾರು 36 ಗಂಟೆಗಳಾದ ಮೇಲೆ ಅರಿವಳಿಕೆ ಕೊಟ್ಟು ಯೋನಿಮಾರ್ಗದಿಂದ ಸೂಜಿ ಹಾಕಿ ಅಂಡಾಣುಗಳನ್ನು ಹೊರತೆಗೆಯುತ್ತಾರೆ. ಅಂಡಾಶಯ ಅತಿಯಾಗಿ ಉಬ್ಬಿ ಹೊಟ್ಟೆಯಲ್ಲಿ ನೀರು ತುಂಬುವ ತೊಂದರೆ ಈಗ ಕಡಿಮೆಯಾಗಿದ್ದರೂ ಪೂರ್ತಿ ಇಲ್ಲವಾಗಿಲ್ಲ. ಯಜಮಾನರ ಮೊದಲ ಕೀಮೋದ ವಾರದಲ್ಲೇ ನೀವೂ ಹಾಸಿಗೆ ಹಿಡಿದರೆ ಮನೆಯವರು ಯಾರನ್ನು ನೋಡಿಕೊಳ್ಳಬೇಕು? ಖರ್ಚಂತೂ ವೀರ್ಯ ಕಾಪಿಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದೂ ಕ್ಯಾನ್ಸರ್ ಚಿಕಿತ್ಸೆಗೆ ಹಣ ಹೊಂದಿಸಬೇಕಾದ ಹೊತ್ತಿನಲ್ಲಿ. ಇಂದು ಇಟ್ಟ ವೀರ್ಯದಿಂದ ಎರಡು ವರ್ಷಗಳ ಬಳಿಕವೂ ಭ್ರೂಣ ಮಾಡಬಹುದು. ಆಗ ನಿಮಗೆ 30 ಆಗಿರುತ್ತದೆ, ಅಂಡಾಣುಗಳ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಅಷ್ಟರಲ್ಲಿ ಸಹಜವಾಗಿಯೇ ಗರ್ಭ ನಿಂತರೂ ನಿಲ್ಲಬಹುದು.

ಕ್ಯಾನ್ಸರ್ ಬಂದದ್ದು ನಿಮಗಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಹೆಣ್ಣಿನ ಅಂಡಾಣುಗಳು ಹುಟ್ಟುವಾಗಲೇ ಎಣಿಕೆಯಾಗಿ ಬಂದಿರುತ್ತವೆ, ಕೀಮೋದಲ್ಲಿ ಸತ್ತರೆ ಮರಳಿ ಹುಟ್ಟುವುದಿಲ್ಲ. ಅಂಥವರು ಋತುಚಕ್ರದ ಯಾವ ದಿನದಿಂದ ಬೇಕಾದರೂ ಇಂಜೆಕ್ಷನ್ ಆರಂಭಿಸಿ, ಕೀಮೋಗೆ ಮೊದಲು ಎರಡು ವಾರ ಸಿಕ್ಕರೆ ಅಂಡಾಣು ಅಥವಾ ಭ್ರೂಣ ಇಡಿಸಬಹುದು. ಇದನ್ನು ಓದುವ, ಸ್ತನ ಕ್ಯಾನ್ಸರ್ ಇರುವ ಯುವತಿಯರು ಚಿಕಿತ್ಸೆಯ ಮೊದಲ ಭೇಟಿಯಲ್ಲೇ ಈ ಪ್ರಶ್ನೆ ಕೇಳಬೇಕು. ಅವರಲ್ಲಿ ಈಸ್ಟ್ರೋಜನ್ ಹೆಚ್ಚು ಏರದಂತೆ ಲೆಟ್ರೋಜೋಲ್ ಮಾತ್ರೆಯನ್ನೂ ಜೊತೆಗೆ ಕೊಡುತ್ತೇವೆ.

ಕಾಗದಪತ್ರದ ಭಾಗವನ್ನು ದಯವಿಟ್ಟು ಕಡೆಗಣಿಸಬೇಡಿ. ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನವನ್ನು ನಿಯಂತ್ರಿಸುವ 2021ರ ಕಾಯ್ದೆ ಕೇಂದ್ರದ ಕಾನೂನು. 2022ರ ಜನವರಿಯಿಂದ ಜಾರಿಯಲ್ಲಿದೆ. ತಲಪಾಡಿ ಗಡಿಯ ಈಚೆಗೂ ಆಚೆಗೂ ನಿಯಮ ಒಂದೇ ಆದ್ದರಿಂದ, ಮನೆ ಕೇರಳದಲ್ಲಿ ಆಸ್ಪತ್ರೆ ಕರ್ನಾಟಕದಲ್ಲಿ ಎಂಬುದರಿಂದ ಹಕ್ಕಿಗೆ ಕುಂದಿಲ್ಲ. ಕೇಂದ್ರ ಈ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೋಡಿ. ಯಾವುದನ್ನಾದರೂ ಘನೀಕರಿಸುವ ಮೊದಲು ಸಂಬಂಧಪಟ್ಟವರ ಲಿಖಿತ ಸಮ್ಮತಿ ಬೇಕು. ಒಬ್ಬರು ತೀರಿಕೊಂಡರೆ ಅಥವಾ ನಿರ್ಧಾರ ಹೇಳಲಾಗದ ಸ್ಥಿತಿಗೆ ಬಂದರೆ ಕಾಪಿಟ್ಟದ್ದನ್ನು ಏನು ಮಾಡಬೇಕು ಎಂಬುದನ್ನೂ ಅದರಲ್ಲಿ ಬರೆಯಬೇಕು. ಆಸ್ಪತ್ರೆಯ ಗಡಿಬಿಡಿಯಲ್ಲಿ ಆ ಕಲಮಿನ ಎದುರು ಏನೋ ಒಂದು ಗುರುತು ಹಾಕಿ ಸಹಿ ಮಾಡುವವರೇ ಹೆಚ್ಚು. ಅಶುಭವೆಂದು ತೋರಿದರೂ ಇಬ್ಬರೂ ಕುಳಿತು ಮಾತಾಡಿ ಅದನ್ನು ತುಂಬಿಸಿ. ದೆಹಲಿಯಲ್ಲಿ ಕೀಮೋಗೆ ಮೊದಲು ವೀರ್ಯ ಇಟ್ಟು 2020ರಲ್ಲಿ ತೀರಿಕೊಂಡ ಅವಿವಾಹಿತ ಯುವಕನ ತಂದೆ ತಾಯಿಗೆ ಅದನ್ನು ಪಡೆಯುವ ಆದೇಶ ಹೈಕೋರ್ಟಿನಿಂದ ದೊರೆತದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಆಗಸ್ಟಿನಲ್ಲಿ, ಪ್ರಜ್ಞೆ ಇಲ್ಲದೆ ಮಲಗಿದ್ದ ಗಂಡನ ಸಮ್ಮತಿ ಪಡೆಯಲಾಗದೆ, ವೀರ್ಯ ತೆಗೆದಿಡಲು ಅನುಮತಿ ಕೋರಿ ಹೆಂಡತಿಯೊಬ್ಬರು ಕೇರಳ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಒಂದು ಸಾಲು ಬರೆದಿಟ್ಟರೆ ಇಂಥ ಅಲೆದಾಟ ತಪ್ಪುತ್ತದೆ.

ಸಮ್ಮತಿ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ತಲಶ್ಶೇರಿ ಕಡೆ ಹೋದರೆ ಮಲಯಾಳದಲ್ಲೂ ಇರಬಹುದು. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳುವುದು ನಿಮ್ಮ ಹಕ್ಕು. ಅರ್ಥವಾಗದ ಕಾಗದಕ್ಕೆ ಕೊಟ್ಟ ಸಹಿ ನಿಜವಾದ ಸಮ್ಮತಿ ಅಲ್ಲ. ಪ್ರತಿಯನ್ನು ಮನೆಗೆ ತನ್ನಿ. ವರ್ಷದ ಶುಲ್ಕ ಎಷ್ಟು, ಕಟ್ಟಲು ತಡವಾದರೆ ಏನಾಗುತ್ತದೆ, ಅವಧಿ ಎಷ್ಟು ಎಂಬುದನ್ನು ಬರಹದಲ್ಲೇ ಪಡೆಯಿರಿ. ಭ್ರೂಣಗಳನ್ನು ಮತ್ತು ದಾನಿಗಳ ವೀರ್ಯ, ಅಂಡಾಣುಗಳನ್ನು 10 ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಚಿಕಿತ್ಸೆಗೆ ಬಳಸುವಾಗ ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರ್ಷದ ಮಿತಿಯೂ ಇದೆ. ಮನೆ ಬದಲಿಸಿದರೆ, ಫೋನ್ ನಂಬರ್ ಬದಲಾದರೆ ಕೇಂದ್ರಕ್ಕೆ ತಿಳಿಸಲೇಬೇಕು. ವರ್ಷದ ನೋಟಿಸು ಹಳೆಯ ವಿಳಾಸಕ್ಕೆ ಹೋಗಿ ಹಿಂದಿರುಗುವುದು ಈ ಕ್ಷೇತ್ರದಲ್ಲಿ ಎಲ್ಲ ಕಡೆಯೂ ಇರುವ ತಲೆನೋವು.

ಟ್ಯಾಂಕಿನ ಬಗ್ಗೆಯೂ ಕೇಳಿ. ದ್ರವ ನೈಟ್ರೋಜನ್ ದಿನವೂ ಸ್ವಲ್ಪ ಸ್ವಲ್ಪ ಆವಿಯಾಗುತ್ತಲೇ ಇರುವುದರಿಂದ ಅದನ್ನು ಮತ್ತೆ ಮತ್ತೆ ತುಂಬುತ್ತಿರಬೇಕು. ಟ್ಯಾಂಕಿಗೆ ಕರೆಂಟ್ ಬೇಡ, ಹಾಗಾಗಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಎಂದು ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಮಟ್ಟವನ್ನು ಯಾರೂ ನೋಡದೆ ಬಿಟ್ಟರೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಎರಡು ನಗರಗಳ ಕೇಂದ್ರಗಳಲ್ಲಿ ಟ್ಯಾಂಕ್ ಕೈಕೊಟ್ಟು ಸಾವಿರಾರು ಅಂಡಾಣು, ಭ್ರೂಣಗಳು ಹಾಳಾದವು. ಮಟ್ಟವನ್ನು ಬರೆದಿಡುವ ಪುಸ್ತಕ ಇದೆಯೇ, ಅಲಾರಂ ಇದೆಯೇ, ನಿಮ್ಮ ಮಾದರಿಗಳನ್ನು ಎರಡು ಬೇರೆ ಬೇರೆ ಟ್ಯಾಂಕಿಗೆ ಹಂಚಿ ಇಡುತ್ತಾರೆಯೇ ಎಂದು ಕೇಳಿದರೆ ಒಳ್ಳೆಯ ಕೇಂದ್ರದವರು ಬೇಸರಿಸುವುದಿಲ್ಲ. ಮುಂದೆ ಬೇರೆ ಊರಿನ ಕೇಂದ್ರಕ್ಕೆ ಸಾಗಿಸಬೇಕಾಗಿ ಬಂದರೆ, ನೈಟ್ರೋಜನ್ ಹೀರಿಕೊಂಡು ಹಲವು ದಿನ ಚಳಿ ಉಳಿಸಿಕೊಳ್ಳುವ ವಿಶೇಷ ಪಾತ್ರೆಗಳಿವೆ.

ಮಗುವಿನ ಆರೋಗ್ಯದ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಘನೀಕರಿಸಿದ ವೀರ್ಯದಿಂದ ಹುಟ್ಟಿದ ಮಕ್ಕಳಲ್ಲಿ, ಘನೀಕರಣದ ಕಾರಣದಿಂದ ಜನ್ಮದೋಷಗಳು ಹೆಚ್ಚಾದುದು ದಶಕಗಳ ಅನುಭವದಲ್ಲಿ ಕಂಡುಬಂದಿಲ್ಲ. ವೀರ್ಯದ ಮೂಲಕ ಯಜಮಾನರ ಲಿಂಫೋಮಾ ನಿಮಗಾಗಲಿ ಮಗುವಿಗಾಗಲಿ ದಾಟುವುದಿಲ್ಲ. ಘನೀಕರಿಸಿದ ಭ್ರೂಣದಿಂದ ಹುಟ್ಟಿದ ಮಕ್ಕಳು ಸರಾಸರಿಯಲ್ಲಿ ತುಸು ಹೆಚ್ಚು ತೂಕವಿರುತ್ತಾರೆ, ಅಂಥ ಗರ್ಭಿಣಿಯರಲ್ಲಿ ರಕ್ತದೊತ್ತಡ ಏರುವ ಸಾಧ್ಯತೆ ಸ್ವಲ್ಪ ಹೆಚ್ಚು. ಅದಕ್ಕೆ ತಕ್ಕ ತಪಾಸಣೆ ಸಾಕು.

ನಿಮ್ಮ ಅತ್ತಿಗೆಯವರ ಪ್ರಶ್ನೆ ಬೇರೆಯದೇ ತೂಕದ್ದು. 21 ವರ್ಷ ದಾಟಿದ ಅವಿವಾಹಿತ ಮಹಿಳೆ ಕಾಯ್ದೆಯಡಿ ಈ ಸೇವೆ ಪಡೆಯಬಹುದು, ಯಾರ ಅನುಮತಿಯೂ ಬೇಕಾಗಿಲ್ಲ. ಅಂಡಾಣುವು ದೇಹದ ಅತಿ ದೊಡ್ಡ ಕೋಶ, ನೀರು ತುಂಬಿದ್ದು, ಹಾಗಾಗಿ ಫ್ರೀಜ್ ಮಾಡಲು ವೀರ್ಯಾಣುವಿಗಿಂತ ಬಹಳ ಕಷ್ಟ ಕೊಟ್ಟದ್ದು. ಘನೀಕರಿಸಿದ ಅಂಡಾಣುವಿನಿಂದ ಮೊದಲ ಗರ್ಭಧಾರಣೆ 1986ರಲ್ಲಿ ವರದಿಯಾದರೂ, ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘ ಇದನ್ನು ಪ್ರಾಯೋಗಿಕ ಎಂಬ ಪಟ್ಟಿಯಿಂದ ಹೊರತೆಗೆದದ್ದು 2012ರಲ್ಲಿ, ವಿಟ್ರಿಫಿಕೇಶನ್ ನೆಲೆನಿಂತ ಮೇಲೆ. ಇಲ್ಲಿ ಫಲಿತಾಂಶವನ್ನು ನಿರ್ಧರಿಸುವುದು ಇಡುವಾಗಿನ ವಯಸ್ಸು ಮತ್ತು ಎಷ್ಟು ಅಂಡಾಣು ಸಿಕ್ಕವು ಎಂಬುದು. 2017ರಲ್ಲಿ ಪ್ರಕಟವಾದ ಅಮೆರಿಕದ ಲೆಕ್ಕಾಚಾರವೊಂದರ ಪ್ರಕಾರ, ಮುಂದೆ ಒಂದು ಮಗುವಾದರೂ ಆಗುವ ಸಾಧ್ಯತೆ ನೂರಕ್ಕೆ 75 ಇರಬೇಕಾದರೆ 34ನೇ ವಯಸ್ಸಿನಲ್ಲಿ ಸುಮಾರು 10, 37ರಲ್ಲಿ 20, 42ರಲ್ಲಿ 61 ಅಂಡಾಣುಗಳು ಬೇಕು. ಅದು ಅಲ್ಲಿನ ಮಹಿಳೆಯರ ಅಂಕಿಅಂಶದಿಂದ ಕಟ್ಟಿದ ಅಂದಾಜು. ಆದರೆ ಯಾವ ದಿಕ್ಕಿಗೆ ಬೆರಳು ತೋರಿಸುತ್ತದೆ ಎಂಬುದು ಸ್ಪಷ್ಟ. 34ರಲ್ಲಿ ಇಡಿಸುವುದಕ್ಕೆ ಅರ್ಥವಿದೆ, 40 ದಾಟಿದ ಮೇಲೆ ಭರವಸೆ ಕೊಟ್ಟು ಹಣ ಪಡೆಯುವುದನ್ನು ನಾನು ಒಪ್ಪುವುದಿಲ್ಲ. ಎಎಂಎಚ್ ಎಂಬ ರಕ್ತಪರೀಕ್ಷೆ ಅಂಡಾಣುಗಳ ಸಂಖ್ಯೆಯ ಅಂದಾಜು ಕೊಡುತ್ತದೆಯೇ ಹೊರತು ಗುಣಮಟ್ಟವನ್ನು ಹೇಳುವುದಿಲ್ಲ. ಮುಂದೆ ಮದುವೆಯಾಗುವವರು ಯಾರೆಂದು ತಿಳಿಯದಿರುವಾಗ ಭ್ರೂಣ ಅವರಿಗೆ ಪ್ರಶ್ನೆಯೇ ಅಲ್ಲ. ಅವರು ಬೆಂಗಳೂರಿನಲ್ಲೇ ಒಬ್ಬ ತಜ್ಞರನ್ನು ಕಂಡು ಸ್ಕ್ಯಾನ್ ಮಾಡಿಸಿ, ಒಂದು ಸುತ್ತಿನಲ್ಲಿ ಎಷ್ಟು ಸಿಗಬಹುದು, ಎರಡು ಸುತ್ತು ಬೇಕಾದೀತೇ, ಒಟ್ಟು ಖರ್ಚೆಷ್ಟು ಎಂದು ತಿಳಿದು ತೀರ್ಮಾನಿಸಲಿ. ಅವರಿಗೆ ಒಂದೆರಡು ತಿಂಗಳು ಯೋಚಿಸುವ ಸಮಯ ಇದೆ, ನಿಮಗೆ ಇಲ್ಲ.

ಕೀಮೋ ಶುರುವಾದ ಮೇಲೆ ಗರ್ಭ ನಿಲ್ಲದಂತೆ ತಪ್ಪದೆ ಎಚ್ಚರ ವಹಿಸಿ. ವೀರ್ಯಾಣು ಕಡಿಮೆಯಾಗಿರುತ್ತದೆ ಎಂದು ನಂಬಿ ಬಿಟ್ಟುಬಿಡಬಾರದು. ಕೀಮೋ ಮುಗಿದ ಮೇಲೂ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಕಾಯುವಂತೆ ಹೇಳುತ್ತೇವೆ. ಆಮೇಲೆ ಒಂದು ವೀರ್ಯಪರೀಕ್ಷೆ ಮಾಡಿಸಿ. ಏನೂ ಕಾಣದಿದ್ದರೆ ಆರು ತಿಂಗಳು ಬಿಟ್ಟು ಮತ್ತೊಮ್ಮೆ, ಏಕೆಂದರೆ ಎರಡನೆಯ ವರ್ಷದಲ್ಲಿ ಚೇತರಿಸಿಕೊಳ್ಳುವವರೂ ಇದ್ದಾರೆ. ಸಂಖ್ಯೆ ಸಹಜಕ್ಕೆ ಬಂದಿದ್ದರೆ ಮೊದಲು ಸಹಜವಾಗಿಯೇ ಪ್ರಯತ್ನಿಸಿ, ಕಾಪಿಟ್ಟದ್ದನ್ನು ಮುಟ್ಟುವುದು ಬೇಡ. ಬಾರದಿದ್ದರೆ ಕರಗಿಸಿದಾಗಿನ ಫಲಿತಾಂಶ ನೋಡಿ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು) ಸಾಕೇ, ಇಕ್ಸಿಯೇ ಬೇಕೇ ಎಂದು ನಿಮ್ಮ ಡಾಕ್ಟರು ಹೇಳುತ್ತಾರೆ. ವೈಲ್‌ಗಳು ಕಡಿಮೆ ಇದ್ದರೆ ಅವನ್ನು ಐಯುಐಗೆ ಖರ್ಚು ಮಾಡದೆ ಇಕ್ಸಿಗೇ ಇಟ್ಟುಕೊಳ್ಳುವುದು ಲೇಸು. ಯಾವ ದಾರಿ ಹಿಡಿದರೂ, ನಿಮಗೆ ಬೇಕಾದಷ್ಟು ಮಕ್ಕಳಾಗಿ, ಇನ್ನು ಸಾಕು ಎಂದು ಇಬ್ಬರೂ ಒಪ್ಪಿ ಬರೆದುಕೊಡುವವರೆಗೆ ವರ್ಷದ ಶುಲ್ಕವನ್ನು ತಪ್ಪದೆ ಕಟ್ಟುತ್ತಿರಿ.